ಕೂಗಿ ಕೂಗಿ ಹಳೆಯದಾದ ಹೆಸರು

ಜೂನ್ ೪, ಗುರುವಾರ

ಕೂಸಿಗೆ ಅಜ್ಜನ ಹೆಸರಿಡುತ್ತೇನೆಂದು ಮಗಳು ಇವತ್ತು ಹೇಳಿದಳು. ಸಲಹೆ ಕೇಳಿದ್ದಲ್ಲ, ಸುದ್ದಿ ಮುಟ್ಟಿಸಿದ್ದು. ನಾನು ಹಾಲಿನ ಬಾಟಲಿ ಕುದಿಸುತ್ತಿದ್ದೆ. ಯಾವ ಅಜ್ಜ ಎಂದು ಕೇಳಿದೆ, ಬೀಗರ ಕಡೆಯವರೇ ಆಗಿರಲಿ ದೇವರೇ ಎಂದುಕೊಳ್ಳುತ್ತ. ಅಲ್ಲ, ಇವಳಪ್ಪನದೇ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೂಗಿ ಕೂಗಿ ಗಂಟಲು ಸವೆದಿದೆ, ಇನ್ನು ಕೈಗೂ ಆ ಕೆಲಸ ಹಚ್ಚುವುದು ಬೇಡ. ಉದ್ದನೆಯ, ಹಳೇ ಕಾಲದ ಹೆಸರು. ಕೇಳಿದ ತಕ್ಷಣ ಮೀಸೆ, ಕನ್ನಡಕ, ಮಂಡಿನೋವು ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟುತ್ತದೆ. ಕೂಸು ಇರುವುದು ಒಂದು ದಿಂಬಿನಷ್ಟು. ಅದರ ತಲೆಯ ಮೇಲೆ ಅಷ್ಟು ಭಾರ ಹೊರಿಸಿದರೆ ಕತ್ತು ನಿಲ್ಲುವುದು ಯಾವಾಗ ಎಂದು ಕೇಳಿದೆ. ಅಳಿಯ ನಕ್ಕ. ಮಗಳು ನಗಲಿಲ್ಲ.

ಅಳಿಯನ ಮನಸ್ಸಿನಲ್ಲಿ ಬೇರೆ ಹೆಸರಿದೆ. ಎರಡೇ ಅಕ್ಷರದ್ದು, ಹೊಸ ಸೋಪಿಗೆ ಇಟ್ಟಂಥದ್ದು. ಆದರೆ ಹೆಂಡತಿಯ ಎದುರು ಅವನು ತುಟಿಪಿಟಕ್ಕೆನ್ನುವುದಿಲ್ಲ. ಲಿಫ್ಟ್ ರಿಪೇರಿ ಅವನ ಕೆಲಸ. ಊರಿನ ಲಿಫ್ಟುಗಳೆಲ್ಲ ಅವನ ಕೈಯಲ್ಲಿ ಓಡುತ್ತವೆ, ನಾವಿರುವ ಕಟ್ಟಡದ್ದೊಂದು ಕೆಟ್ಟು ನಿಂತಿದೆ. ನಾಲ್ಕನೇ ಮಹಡಿಗೆ ಹಾಲು ತರಕಾರಿ ಹೊರುವವಳು ನಾನು. ಬಾಣಂತನಕ್ಕೆಂದು ಬಂದವಳು, ಈಗ ನನಗೇ ಯಾರಾದರೂ ಬಾಣಂತನ ಮಾಡಿದರೆ ಸಾಕು ಎನ್ನಿಸಿದೆ.

ಇನ್ನೊಂದು ಮಾತಿದೆ. ಕೂಸು ಹುಟ್ಟಿದ ಮರುದಿನ ಆಸ್ಪತ್ರೆಯಲ್ಲಿ ಕಿವಿಗೆ ಸಣ್ಣ ಬಿರಡೆಯಂಥದ್ದೇನೋ ಇಟ್ಟು ಪರೀಕ್ಷೆ ಮಾಡಿದ್ದರು. ಎರಡು ಕಿವಿಯೂ ಪಾಸಾಗಲಿಲ್ಲ. ಒಳಗೆ ನೀರು ನಿಂತಿರಬಹುದು, ಎಷ್ಟೋ ಮಕ್ಕಳಿಗೆ ಹೀಗಾಗುತ್ತದೆ, ಜುಲೈಯಲ್ಲಿ ಕರೆದುಕೊಂಡು ಬನ್ನಿ ಎಂದರು. ಮನೆಯಲ್ಲಿ ಯಾರೂ ಅದರ ಮಾತೆತ್ತುವುದಿಲ್ಲ. ಹೆಸರಿನ ಮಾತೊಂದೇ.

ಜೂನ್ ೯, ಮಂಗಳವಾರ

ಕೂಸಿನ ಹೊಟ್ಟೆನೋವಿಗೆ ಹನಿ ಔಷಧ ತರಲು ಹೋದವಳು ಔಷಧ ಅಂಗಡಿಯವನ ಅಭಿಪ್ರಾಯವನ್ನೂ ಕೇಳಿ ಬಂದೆ. ಹೆಸರು ಕಿವಿಗೆ ಬಿದ್ದದ್ದೇ ಅವನು ಸೀಸೆ ವಾಪಸ್ ಒಳಗಿಟ್ಟು, ಹಿರಿಯರಿಗಾದರೆ ಮಾತ್ರೆಯೇ ಒಳ್ಳೆಯದು ಎಂದ. ಹಿರಿಯರಿಗಲ್ಲಪ್ಪಾ, ಎಳೆಗೂಸಿಗೆ ಎಂದೆ. ಪಾಪ, ನಗು ತಡೆದುಕೊಳ್ಳಲು ಅವನು ಕಪಾಟಿನ ಕಡೆ ತಿರುಗಿದ.

ಕೆಳಗಿನ ಮನೆಯ ಟೈಲರಮ್ಮ ಮಾತ್ರ ನನ್ನ ಪಕ್ಷಕ್ಕೆ ಬರಲಿಲ್ಲ. ಹಳೆಯ ಹೆಸರುಗಳೆಲ್ಲ ಈಗ ಮತ್ತೆ ಚಾಲ್ತಿಗೆ ಬಂದಿವೆಯಂತೆ. ಬೆಳೆಯುವ ಮಕ್ಕಳಿಗೆ ಎರಡು ಅಂಗುಲ ಹೆಚ್ಚೇ ಬಿಟ್ಟು ಹೊಲಿಯಬೇಕು, ಹೆಸರೂ ಹಾಗೆಯೇ, ಇವತ್ತು ದೊಗಲೆ ಕಂಡರೂ ನಾಳೆ ಮೈಗೆ ಕೂರುತ್ತದೆ ಎಂದಳು. ಮೊದಲನೇ ಮಹಡಿಯ ನಿವೃತ್ತ ಮೇಷ್ಟ್ರು, ಹಾಜರಿ ಕೂಗುವಾಗ ಇಡೀ ತರಗತಿ ನಗುತ್ತದೆ, ಆ ತಪ್ಪು ಮಾಡಬೇಡಿ ಎಂದರು. ಅರ್ಧ ಮೆಟ್ಟಿಲು ಹತ್ತಿದ ಮೇಲೆ ಹಿಂದಿನಿಂದ ಕೂಗಿ, ನಕ್ಕ ಮಕ್ಕಳು ನಾಲ್ಕು ದಿನದಲ್ಲಿ ಮರೆತೂ ಬಿಡುತ್ತವೆ ಎಂದರು. ಇಂಥವರನ್ನು ಕಟ್ಟಿಕೊಂಡು ನಾನು ಮಗಳ ಹತ್ತಿರ ವಾದ ಗೆಲ್ಲುವುದು ಹೇಗೆ?

ನಿಜ ಹೇಳಬೇಕೆಂದರೆ ನನ್ನ ತಕರಾರು ಹೆಸರು ಹಳೆಯದೋ ಹೊಸದೋ ಎಂಬುದಲ್ಲ. ಇವಳಪ್ಪ ನೇಯ್ಗೆ ಮಿಲ್ಲಿನಲ್ಲಿದ್ದ. ನಾನೂ ಅಲ್ಲೇ. ಮಗ್ಗದ ಶೆಡ್ಡಿನ ಸದ್ದಿನಲ್ಲಿ ಪಕ್ಕದವರ ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳುತ್ತಿರಲಿಲ್ಲ. ಅಲ್ಲಿ ಎಲ್ಲರೂ ಸದ್ದಿಲ್ಲದೆ ತುಟಿಯಲ್ಲೇ ಮಾತಾಡುತ್ತಿದ್ದೆವು, ಒಂದೊಂದು ಅಕ್ಷರವನ್ನೂ ಬಾಯಗಲಿಸಿ, ಬಿಡಿಸಿ ಬಿಡಿಸಿ. ಮದುವೆಯಾದ ಮೇಲೆ ನಾನು ಬಟ್ಟೆ ಮಡಿಸುವ ಕಡೆಗೆ ಹೋದೆ, ನನ್ನ ಕಿವಿ ಉಳಿಯಿತು. ಅವನು ಮಗ್ಗ ಬಿಡಲಿಲ್ಲ, ಅವನ ಕಿವಿ ಹೋಯಿತು. ಅದಕ್ಕೆ ನಾನು ಯಾವತ್ತೂ ಬೈದವಳಲ್ಲ. ಎದುರಿಗಿದ್ದರೆ ತುಟಿ ನೋಡಿಕೊಂಡೇ ಎಲ್ಲ ಅರ್ಥ ಮಾಡಿಕೊಳ್ಳುತ್ತಿದ್ದ. ಆದರೆ ನನ್ನ ಮಾತು ಹಿಡಿಸದಿದ್ದರೆ ಗೋಡೆಯ ಕಡೆ ತಿರುಗಿ ಕೂತುಬಿಡುತ್ತಿದ್ದ. ಅಲ್ಲಿಗೆ ಅವನ ಪಾಲಿಗೆ ನಾನು ಇಲ್ಲ. ನಾನು ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕೂಗಬೇಕು. ಗಂಡನ ಹೆಸರು ಕೂಗುವುದರಲ್ಲೇ ನನಗೆ ಬೀದಿಯಲ್ಲೆಲ್ಲ ಹೆಸರು ಬಂದಿತ್ತು. ಎಲ್ಲರಿಗೂ ಕೇಳಿಸುತ್ತಿತ್ತು, ಅವನೊಬ್ಬನಿಗೆ ಬಿಟ್ಟು.

ಸಾಯುವವರೆಗೆ ಅವನ ಬೆನ್ನಿಗೆ ಕೂಗಿದ ಹೆಸರನ್ನು ಈಗ ಮೊಮ್ಮಗನ ಹಿಂದೆ ಕೂಗುತ್ತ ಓಡಲೇ? ನನ್ನ ಕೈಲಾಗದು.

ಜೂನ್ ೧೨, ಶುಕ್ರವಾರ

ಬಟ್ಟೆ ಒಗೆದೆ. ಮಳೆ ಬಂತು. ಮತ್ತೆ ಒಗೆದೆ. ಅಳಿಯನ ಅಕ್ಕ ಫೋನಿನಲ್ಲಿ ತಮ್ಮದೂ ಒಂದು ಅಭಿಪ್ರಾಯ ಕೊಟ್ಟರು. ಯಾವ ಕಡೆಗೆ ಎಂದು ನೆನಪಿಲ್ಲ.

ಜೂನ್ ೨೦, ಶನಿವಾರ

ಮಗಳು ಸ್ನಾನಕ್ಕೆ ಹೋಗಿದ್ದಳು. ಕೂಸು ಮಂಚದ ಮೇಲೆ ಕಿಟಕಿಯ ಬೆಳಕು ನೋಡುತ್ತ ಮಲಗಿತ್ತು. ಈ ಅವಕಾಶಕ್ಕೇ ನಾನು ವಾರದಿಂದ ಕಾಯುತ್ತಿದ್ದೆ. ಹಿಂದಿನಿಂದ ಹೋಗಿ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಲವಾಗಿ ಹೊಡೆದೆ. ಪಕ್ಕದ ಮನೆಯ ನಾಯಿ ಬೊಗಳಿತು. ಕೂಸು ಕಣ್ಣು ಕೂಡ ಮಿಟುಕಿಸಲಿಲ್ಲ. ಮತ್ತೊಮ್ಮೆ ಹೊಡೆದೆ. ತಿರುಗಿದರೆ ಬಚ್ಚಲ ಬಾಗಿಲಲ್ಲಿ ಮಗಳು, ತಲೆಯಿಂದ ನೀರು ತೊಟ್ಟಿಕ್ಕುತ್ತಿದೆ.

ಏನು ಮಾಡುತ್ತಿದ್ದೀ ಎಂದಳು. ಕೈಜಾರಿ ಬಿತ್ತು ಎಂದೆ. ಎರಡು ಸಲವಾ ಎಂದಳು. ಒಂದಕ್ಕೊಂದು ಸೇರಿ ಜಗಳ ಹತ್ತಿಕೊಂಡಿತು. ನಾನು ಅವಳ ಮಗುವನ್ನು ಮೊದಲಿನಿಂದಲೂ ಅನುಮಾನದಿಂದಲೇ ನೋಡುತ್ತಿದ್ದೇನಂತೆ. ಅನುಮಾನವಲ್ಲ, ಭಯ. ಹಾಗೆಂದು ಹೇಳಿದ್ದರೆ ಆಗುತ್ತಿತ್ತು. ನಿದ್ದೆಯಿಲ್ಲದ ತಲೆ, ಬಾಯಿಗೆ ಬಂದದ್ದೇ ಬೇರೆ.

"ಅವನ ಹೆಸರೇ ಇಡ್ತೀನಿ ಅಂತ ಕುಣಿದ್ಯಲ್ಲ, ಹೆಸರಿನ ಜೊತೆ ಕಿವೀನೂ ಬಂತು ನೋಡು."

ಬರೆದ ಮೇಲೆ ಇನ್ನೂ ಕೆಟ್ಟದಾಗಿ ಕಾಣುತ್ತಿದೆ.

ಅವಳು ಕೂಸನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತು ಹಾಲೂಡಿಸತೊಡಗಿದಳು. ಮೆಲ್ಲಗೆ ಕರೆದೆ. ಆಮೇಲೆ ಜೋರಾಗಿ ಕರೆದೆ. ಬೆನ್ನು ಅಲುಗಲಿಲ್ಲ. ಥೇಟ್ ಅಪ್ಪನ ಮಗಳು.

ಜೂನ್ ೨೧, ಭಾನುವಾರ

ಮಾತಿಲ್ಲ. ಊಟದ ತಟ್ಟೆ ಇಟ್ಟರೆ ತಿನ್ನುತ್ತಾಳೆ, ಅಷ್ಟೇ.

ಜೂನ್ ೨೭, ಶನಿವಾರ

ಇವತ್ತು ಅಳಿಯನಿಗೆ ರಜೆ. ಅಕ್ಕಿ ಮೂಟೆ ಹೊತ್ತು ನನ್ನ ಜೊತೆ ಮೆಟ್ಟಿಲು ಹತ್ತಿದ. ಮೂರನೇ ಮಹಡಿಯಲ್ಲಿ ನಾನು ಸುಧಾರಿಸಿಕೊಳ್ಳಲು ಕೂತೆ, ಅವನೂ ಮೂಟೆ ಇಳಿಸಿ ಕೂತ. ಹೆಂಡತಿಗೂ ಅತ್ತೆಗೂ ಮಧ್ಯೆ ಸಿಕ್ಕಿ ಬಡವನ ಮುಖ ಸಣ್ಣದಾಗಿದೆ. ನೀನಾದರೂ ಅವಳಿಗೆ ಹೇಳಪ್ಪಾ, ಹೊಸ ಕಾಲಕ್ಕೆ ಹೊಂದುವ ಹೆಸರು ನೀನು ಆರಿಸಿದ್ದೇ ಅಲ್ಲವಾ ಎಂದೆ.

ಬೀಗದ ಕೈ ತಿರುಗಿಸುತ್ತ ಹೇಳಿದ. ಮಗಳು ಚಿಕ್ಕವಳಿದ್ದಾಗ ಶಾಲೆ ಬಿಡುವ ಹೊತ್ತಿಗೆ ಅವಳಪ್ಪ ರಸ್ತೆಯಾಚೆ ನಿಂತು ಗೇಟನ್ನೇ ನೋಡುತ್ತಿದ್ದನಂತೆ. ಇವಳು ಗೇಟಿನ ಒಳಗಿಂದಲೇ, ಅಷ್ಟೊಂದು ಮಕ್ಕಳ ಗದ್ದಲದಲ್ಲಿ, ಸದ್ದಿಲ್ಲದೆ ಅವನ ಹೆಸರನ್ನು ತುಟಿಯಲ್ಲಿ ಹೇಳುತ್ತಿದ್ದಳಂತೆ. ಅವನು ಅಲ್ಲಿಂದಲೇ ಅವಳ ಹೆಸರು ಹೇಳುತ್ತಿದ್ದ. ದಿನವೂ ಅದೇ ಆಟ. ಅಪ್ಪನನ್ನು ಹೆಸರು ಹಿಡಿದು ಕರೆಯುವುದು, ಅದೂ ಯಾರಿಗೂ ಕೇಳದ ಹಾಗೆ.

ನನಗಿದು ಗೊತ್ತೇ ಇರಲಿಲ್ಲ. ಆ ಹೊತ್ತಿಗೆ ನಾನು ಮಿಲ್ಲಿನಲ್ಲಿ ಬಟ್ಟೆ ಮಡಿಸುತ್ತಿದ್ದೆ. ರಾತ್ರಿ ಪಾಳಿ ಮುಗಿಸಿ ಬಂದವನು ಮಧ್ಯಾಹ್ನವೆಲ್ಲ ಬಿದ್ದುಕೊಂಡಿರುತ್ತಾನೆ ಎಂದೇ ತಿಳಿದಿದ್ದೆ.

ಅಳಿಯ ಇನ್ನೊಂದು ಮಾತು ನುಂಗಿಕೊಳ್ಳುತ್ತಿದ್ದಾನೆ ಅನ್ನಿಸಿತು. ಅದನ್ನೂ ಉಗುಳಿಬಿಡು ಎಂದೆ.

"ಬೇಜಾರ್ ಮಾಡ್ಕೋಬೇಡಿ ಅತ್ತೆ. ಅಪ್ಪನ ಹೆಸರನ್ನ ಬಾಯಿಬಿಟ್ಟು ಯಾರಾದ್ರೂ ಹೇಳಿದ್ದನ್ನ ಅವಳು ಕೇಳಿದ್ದು ಜಗಳದಲ್ಲಿ ಮಾತ್ರ ಅಂತೆ. ಒಂದ್ಸಲನಾದ್ರೂ ಮೆತ್ತಗೆ ಕರೆಯೋದು ಕೇಳ್ಬೇಕು ಅಂತ ಅವಳಿಗೆ."

ಬೇಜಾರಾಯಿತು. ಆಗದೆ ಏನು. ಜಗಳ ಆಡಿದವಳ ಗಂಟಲು ಎಲ್ಲರಿಗೂ ನೆನಪಿರುತ್ತದೆ, ಮುಖ ತಿರುಗಿಸಿದವನು ಒಳ್ಳೆಯವನಾಗಿ ಉಳಿಯುತ್ತಾನೆ. ಮೂಟೆ ಎತ್ತು, ನಡಿ ಎಂದೆ.

ಜುಲೈ ೧, ಬುಧವಾರ

ಮಗಳಿಗೆ ಮಧ್ಯಾಹ್ನ ನಿದ್ದೆ ಹತ್ತಿತು. ಎಚ್ಚರವಾದೀತೆಂದು ನಾನು ಕೂಸಿನ ಹತ್ತಿರ ಮಿಲ್ಲಿನ ಮಾತಾಡಿದೆ, ಬರೀ ತುಟಿಯಲ್ಲಿ. ಈಚೆಗೆ ದಿನವೂ ಇದೇ ನಡೆದಿದೆ. ಬಟ್ಟೆ ಬದಲಿಸುವಾಗ, ಬಾಟಲಿ ಹಿಡಿದಾಗ. ಬಹಳ ವರ್ಷದಿಂದ ಆಡದ ಮಾತು, ದವಡೆ ನೋಯುತ್ತದೆ. ಮಿಲ್ಲಿನ ಹಳೇ ಚಾಡಿಗಳನ್ನೆಲ್ಲ ಇವನ ಹತ್ತಿರ ಹೇಳಿದ್ದೇನೆ. ಯಾರ ಹತ್ತಿರವೂ ಬಾಯಿಬಿಡುವ ಪೈಕಿಯಲ್ಲ, ಒಳ್ಳೆಯ ಗೆಳೆಯ. ಕಣ್ಣು ಕೀಲಿಸಿ ನನ್ನ ಬಾಯಿಯನ್ನೇ ನೋಡುತ್ತಾನೆ. ಇವತ್ತು ನಕ್ಕ. ಹೊಟ್ಟೆಯ ಗಾಳಿಗೆ ಬಾಯಿ ಓರೆಯಾಗುತ್ತದಲ್ಲ, ಅದಲ್ಲ. ನಕ್ಕದ್ದೇ.

ಅಳಿಯ ಹೇಳುವ ಆ ಎರಡಕ್ಷರವನ್ನು ತುಟಿಯಲ್ಲಿ ಹೇಳಿ ನೋಡಿದೆ. ಏನೂ ಕಾಣುವುದಿಲ್ಲ. ನಾಲಿಗೆಯ ಹಿಂದೆಯೇ ಹುಟ್ಟಿ ಅಲ್ಲೇ ಮುಗಿಯುತ್ತದೆ. ಶೆಡ್ಡಿನಲ್ಲಿ ಇಂಥ ಹೆಸರಿನವರಿಗೆಲ್ಲ ನಾವು ಅಡ್ಡಹೆಸರು ಇಡುತ್ತಿದ್ದೆವು, ಬೇರೆ ದಾರಿಯಿರಲಿಲ್ಲ. ಇವಳಪ್ಪನ ಹೆಸರಿಗೆ ಮಾತ್ರ ಯಾರೂ ಅಡ್ಡಹೆಸರು ಇಡಲಿಲ್ಲ. ತುಟಿ ಎರಡು ಸಲ ಮುಚ್ಚಿ ತೆರೆಯುತ್ತದೆ, ನಡುವೆ ಬಾಯಿ ತುಂಬ ಅಗಲವಾಗುತ್ತದೆ. ಶೆಡ್ಡಿನ ಆ ತುದಿಯಿಂದಲೂ ತಿಳಿಯುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಎರಡು ಮಗ್ಗದಾಚೆಯಿಂದ ಅವನೇ ಹೇಳಿಕೊಂಡಿದ್ದ, ತನ್ನ ಎದೆ ಮುಟ್ಟಿಕೊಂಡು. ಹಾಗಾಗಿ ಆ ಹೆಸರನ್ನು ನಾನು ಮೊದಲು ಕೇಳಿದ್ದಲ್ಲ, ನೋಡಿದ್ದು. ಆಮೇಲೆ ಎಷ್ಟೋ ದಿನ ಅದಕ್ಕೆ ಸದ್ದಿದೆ ಎಂಬುದೇ ನನ್ನ ತಲೆಗೆ ಬಂದಿರಲಿಲ್ಲ.

ಆದರೂ ಹಳೆಯ ಹೆಸರೇ. ಬೇಡ ಎಂದರೆ ಬೇಡ.

ಪುಟ್ಟನಿಗೆ ಬಲಗೆನ್ನೆಯಲ್ಲಿ ಸಣ್ಣ ಗುಳಿ ಬೀಳುತ್ತದೆ, ನಕ್ಕರೆ ಮಾತ್ರ. ನನ್ನವನಿಗೂ ಹಾಗೇ ಇತ್ತು.

ಜುಲೈ ೮, ಬುಧವಾರ

ಕಿವಿ ಪರೀಕ್ಷೆ. ಪುಟ್ಟ ಅಲ್ಲಿ ಗಾಢವಾಗಿ ಮಲಗಬೇಕು, ಅದಕ್ಕೆ ಬೆಳಗಿನಿಂದ ಮಲಗಗೊಡಬೇಡಿ ಎಂದಿದ್ದರು. ಅಳುವ ಕೂಸನ್ನು ಮಲಗಿಸುವುದು ಕಷ್ಟವೆಂದು ತಿಳಿದಿದ್ದೆ. ತೂಕಡಿಸುವ ಕೂಸನ್ನು ಎಬ್ಬಿಸುತ್ತಿರುವುದು ಅದಕ್ಕಿಂತ ಪಾಪದ ಕೆಲಸ. ಅಳಿಯ ಅಂಗಾಲಿಗೆ ಕಚಗುಳಿಯಿಟ್ಟ. ಮಗಳು ಒದ್ದೆ ಬಟ್ಟೆಯಿಂದ ಮುಖ ಒರೆಸಿದಳು, ತಾನೂ ಅಳುತ್ತ. ನಾನು ಎದುರಿಗೆ ಕೂತು ತುಟಿಯಾಡಿಸಿದೆ. ಅದಕ್ಕೆ ಮಾತ್ರ ಕಣ್ಣು ಬಿಡುತ್ತಿದ್ದ.

ಕೊನೆಗೆ ಹಾಲು ಕುಡಿಸಿದ್ದೇ ಕತ್ತು ವಾಲಿತು. ತಲೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿದರು. ಪರೀಕ್ಷೆ ಮಾಡುವ ಹುಡುಗಿ ಪರದೆಯ ಮೇಲಿನ ಗೆರೆಗಳನ್ನು ನೋಡುತ್ತ ಕೂತಳು, ನಾವು ಅವಳ ಮುಖ ನೋಡುತ್ತ ಕೂತೆವು.

ನೀರಲ್ಲ. ಎರಡು ಕಿವಿಯೂ ಬಹಳ ಮಂದ. ಲಾರಿ ಹತ್ತಿರದಲ್ಲಿ ಹಾರ್ನ್ ಹೊಡೆದರೆ ಏನೋ ತಿಳಿದೀತು, ಮಾತು ತಿಳಿಯುವುದಿಲ್ಲ. ಮುಂದಿನ ತಿಂಗಳು ಕಿವಿಯಂತ್ರ ಹಾಕಿ ನೋಡುತ್ತಾರೆ. ಎಷ್ಟು ಕೇಳಿಸೀತು ಎಂದು ಈಗಲೇ ಹೇಳಲಾಗದು ಎಂದಳು, ಮೆದುವಾಗಿಯೇ. ಅಲ್ಲಿಯವರೆಗೂ ಮಾತು ನಿಲ್ಲಿಸಬೇಡಿ, ಬೆಳಕಿಗೆ ಮುಖ ಮಾಡಿ, ಹತ್ತಿರ ಕೂತು ಮಾತಾಡಿ ಎಂದಳು.

ಮಗಳು ಕೇಳಿದ್ದು ಒಂದೇ ಪ್ರಶ್ನೆ. ಮಗ್ಗದ ಕೆಲಸದಲ್ಲಿದ್ದ ಇವನ ಅಜ್ಜನಿಗೂ ಕಿವಿ ಕೇಳುತ್ತಿರಲಿಲ್ಲ, ಅದರಿಂದ ಬಂತೇ ಎಂದು. ಇಲ್ಲ, ಅದು ಮಗ್ಗದ ಸದ್ದಿನಿಂದ ಆದದ್ದು, ಇದು ಬೇರೆ ಎಂದಳು ಆ ಹುಡುಗಿ. ಪ್ರಶ್ನೆ ಕೇಳಿದ್ದು ಅವಳನ್ನು, ಮಗಳ ಕಣ್ಣಿದ್ದದ್ದು ನನ್ನ ಮೇಲೆ. ನಾನು ಅಂದ ಮಾತು ಅವಳೊಳಗೆ ಹಾಗೇ ಕೂತಿದೆ. ನನ್ನ ನಾಲಿಗೆಗೆ ಬರೆ ಹಾಕಬೇಕು.

ಬಾಡಿಗೆ ಕಾರಿನಲ್ಲಿ ಬರುವಾಗ, ಅಷ್ಟು ದಿನಗಳ ಮೇಲೆ, ನನ್ನ ಜೊತೆ ಮಾತಾಡಿದಳು.

"ನೀನೇ ಗೆದ್ದೆ ಅಮ್ಮ. ಆ ಹೆಸರು ಬೇಡ. ಇವರು ಹೇಳಿದ್ದನ್ನೇ ಇಡೋಣ."

ಅಳಿಯ ಕಿಟಕಿಯ ಹೊರಗೆ ನೋಡಿದ. ಪುಟ್ಟ ನನ್ನ ತೊಡೆಯ ಮೇಲೆ ಮಲಗಿದ್ದ, ಕಿವಿಯ ಹಿಂದೆ ಅಂಟು ಹಾಗೇ ಉಳಿದಿತ್ತು. ಉಗುರಿನಿಂದ ಮೆಲ್ಲಗೆ ಬಿಡಿಸುತ್ತ ಕೂತೆ. ಇಷ್ಟು ದಿನ ಬೇಡ ಬೇಡ ಎಂದು ಊರೆಲ್ಲ ಸಾರಿದವಳು ನಾನೇ. ಈಗ ಬೇಕು ಎನ್ನಲು ಯಾವ ಮುಖ ಇಟ್ಟುಕೊಂಡು ಬಾಯಿ ಬಿಡಲಿ? ಅಳು ಬರಲಿಲ್ಲ. ಅಳಲೂ ಶಕ್ತಿ ಬೇಕು.

ಜುಲೈ ೧೨, ಭಾನುವಾರ

ಮಂಡಿ ಊದಿಕೊಂಡಿದೆ. ಅಳಿಯ ಐಸ್ ಕಟ್ಟಿಕೊಟ್ಟಿದ್ದಾನೆ. ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡ ನನ್ನನ್ನು ಎಳೆದು ತೆಗೆದವನೂ ಅವನೇ. ದೊಡ್ಡ ದೊಡ್ಡ ಲಿಫ್ಟ್ ಎತ್ತಿದ್ದೇನೆ ಅತ್ತೆ, ನೀವೇ ಭಾರ ಎಂದ.

ಮಗಳು ಮೂರು ದಿನದಿಂದ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಹಾಲೂಡಿಸುತ್ತಾಳೆ, ಬಟ್ಟೆ ಬದಲಿಸುತ್ತಾಳೆ, ಮತ್ತೆ ಗೋಡೆಗೆ ಮುಖ. ಇವತ್ತು ಬೆಳಿಗ್ಗೆ ಚಹಾ ತೆಗೆದುಕೊಂಡು ಹೋದೆ. ಪುಟ್ಟ ಎಚ್ಚರವಾಗಿದ್ದ, ಅವಳಿಗೂ ಗೋಡೆಗೂ ಮಧ್ಯೆ, ಸೂರು ನೋಡುತ್ತ. ಅವಳನ್ನು ಒಂದು ಸಲ ಕರೆದೆ. ಬೆನ್ನು.

ಮತ್ತೆ ಕೂಗಲಿಲ್ಲ. ಚಹಾ ಕೆಳಗಿಟ್ಟು, ಸಂದಿಯಲ್ಲಿ ಪೇರಿಸಿದ್ದ ಬಟ್ಟೆಯ ಬುಟ್ಟಿ ಎಳೆದು ಹಾಕಿ, ಗೋಡೆಗೆ ಬೆನ್ನು ಉಜ್ಜಿಕೊಂಡು ಒಳಗೆ ತೂರಿ ನೆಲಕ್ಕೆ ಕೂತೆ. ಮಂಡಿ ಲಟಕ್ಕೆಂದಿತು. ನನ್ನ ಮುಖ ಸರಿಯಾಗಿ ಅವಳ ಮುಖದ ಎದುರಿಗೆ ಬಂತು, ನಡುವೆ ಪುಟ್ಟ. ಅವಳು ಕಣ್ಣು ಮುಚ್ಚಿಕೊಂಡಳು. ಮುಚ್ಚಿಕೊಳ್ಳಲಿ. ನನಗೇನು ಬೇರೆ ಕೆಲಸವೇ? ಕೂತೆ. ಚಹಾ ಆರಿತು.

ಕಣ್ಣು ಬಿಟ್ಟಾಗ, ತಪ್ಪಾಯಿತು ಎಂದೆ. ಸದ್ದಿಲ್ಲದೆ, ತುಟಿಯಲ್ಲಿ. ಅವಳಿಗೆ ತಿಳಿಯಿತು. ಅವಳಪ್ಪ ಕಲಿಸಿದ ವಿದ್ಯೆ, ಎಲ್ಲಿ ಹೋಗುತ್ತದೆ.

ಆ ಹೆಸರೇ ಇಡು ಎಂದೆ. ಅವಳು ತಲೆಯಾಡಿಸಿದಳು.

"ಬೇಡಮ್ಮ. ಹಳೇ ಹೆಸರು ಅಂತಾರೆ. ಅಜ್ಜನ ಹೆಸರಿಟ್ಟಿದ್ದಕ್ಕೇ ಹೀಗಾಯ್ತು ಅಂತಾರೆ. ಇನ್ನೂ ಏನೇನೋ ಅಂತಾರೆ."

"ಅನ್ನಲಿ ಬಿಡು. ಇವನಿಗೇನು ಕೇಳ್ಸುತ್ತಾ?"

ಅಂದದ್ದೇ ಬಾಯಿ ಕಚ್ಚಿಕೊಂಡೆ. ಆದರೆ ಮಗಳು ಒಂದು ಗಳಿಗೆ ನನ್ನನ್ನೇ ನೋಡಿ ಫಕ್ಕನೆ ನಕ್ಕುಬಿಟ್ಟಳು. ನಾನು ಈ ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಇದೇ ಮೊದಲು. ನಗು ಅರ್ಧದಲ್ಲೇ ಅಳುವಾಯಿತು. ಅವಳ ಎದೆ ಕುಲುಕುವುದಕ್ಕೆ ಪುಟ್ಟ ಬೆದರಿ ಕೈಕಾಲು ಬಡಿದ, ಮುಖ ಕೆಂಪಗೆ ಮಾಡಿಕೊಂಡ. ಇನ್ನೇನು ಅಳುತ್ತಾನೆ ಎನ್ನುವಾಗ ನಾನು ಅವನ ಮೇಲೆ ಬಾಗಿ, ಬೆಳಕು ನನ್ನ ಮುಖಕ್ಕೆ ಬೀಳುವ ಹಾಗೆ ಸರಿದು, ಆ ಹೆಸರು ಹೇಳಿದೆ. ಬರೀ ತುಟಿಯಲ್ಲಿ, ಶೆಡ್ಡಿನಲ್ಲಿ ಹೇಳುವಂತೆ, ನಿಧಾನವಾಗಿ. ಕಾಲು ಬಡಿಯುವುದು ನಿಂತಿತು. ನನ್ನ ಬಾಯಿಯನ್ನೇ ನೋಡಿದ. ಮತ್ತೆ ಹೇಳಿದೆ. ಅವನ ಬಾಯೂ ಸ್ವಲ್ಪ ತೆರೆಯಿತು.

"ಅಮ್ಮ," ಎಂದಳು ಮಗಳು. "ಸದ್ದು ಬರೋ ಹಾಗೆ ಹೇಳು. ಕೂಗ್ಬೇಡ."

ಹೇಳಿದೆ. ಹಾಳಾದ ಅಭ್ಯಾಸ, ಜೋರಾಗಿಯೇ ಬಂತು. ಇನ್ನೊಂದು ಸಲ ಹೇಳಿದೆ, ಒಡೆದ ದನಿಯಲ್ಲಿ ಅರ್ಧಕ್ಕೇ ನಿಂತಿತು. ಆಮೇಲೆ ಸರಿಯಾಗಿ ಬಂತು, ಮೆತ್ತಗೆ, ಪಕ್ಕದಲ್ಲೇ ಮಲಗಿದವನನ್ನು ಎಬ್ಬಿಸುವ ಹಾಗೆ. ಅದು ನನ್ನದೇ ದನಿ ಎಂದು ನನಗೇ ತಿಳಿಯಲಿಲ್ಲ.

ಮಗಳು ಕಣ್ಣು ಮುಚ್ಚಿ ಕೇಳಿದಳು. ಪುಟ್ಟ ಕಣ್ಣು ಬಿಟ್ಟುಕೊಂಡು ನೋಡಿದ.